ಈ ಸಾಲು ಯಾವ ಕ್ಲಾಸಿನದು? ಒಆರ್‌ಎಂ ಇನ್‌ಹೆರಿಟೆನ್ಸ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

(ಪೈಥಾನ್‌ನಲ್ಲಿ ಕೆಲಸ ಮಾಡುವ ಅಭಿವರ್ಧಕರ ಮುಂದೆ ಕನ್ನಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ ಇದು. ಪರದೆಯ ಮೇಲೆ ತೋರಿಸಿದ್ದ ಕೋಡ್‌ನ ಜಾಗದಲ್ಲಿ ಇಲ್ಲಿ ವಿವರಣೆ ಇದೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಡೇಟಾಬೇಸಿನ ಸಾಲುಗಳನ್ನು ಪ್ರೊಗ್ರಾಂನ ಆಬ್ಜೆಕ್ಟ್‌ಗಳಾಗಿ ಮಾಡಿಕೊಡುವ ಸಾಧನವೇ ಒಆರ್‌ಎಂ. ಪೈಥಾನ್‌ನಲ್ಲಿ ಅಂಥದ್ದೊಂದು ಎಸ್‌ಕ್ಯೂಎಲ್‌ಆಲ್ಕೆಮಿ. ಅದರಲ್ಲಿ ಇನ್‌ಹೆರಿಟೆನ್ಸ್, ಅಂದರೆ ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದು ಕ್ಲಾಸ್ ಪಡೆಯುವ ವ್ಯವಸ್ಥೆ, ಬಳಸಿದವರಿಗೆ ಒಂದು ದೋಷ ಸಂದೇಶ ಚೆನ್ನಾಗಿ ಗೊತ್ತು. ಇಂಥ ಪಾಲಿಮಾರ್ಫಿಕ್ ಐಡೆಂಟಿಟಿ (ಸಾಲು ಯಾವ ಕ್ಲಾಸಿನದೆಂದು ಹೇಳುವ ಗುರುತು) ಎಲ್ಲೂ ವ್ಯಾಖ್ಯಾನವಾಗಿಲ್ಲ ಎಂಬುದು ಅದರ ಸಾರ. ಕೋಡ್ ತೆರೆದು ನೋಡಿದರೆ ಆ ಐಡೆಂಟಿಟಿ ಹೊತ್ತ ಕ್ಲಾಸ್ ಕಣ್ಣೆದುರಿಗೇ ಇರುತ್ತದೆ. ಪರೀಕ್ಷೆಗಳೆಲ್ಲ ಪಾಸಾಗಿರುತ್ತವೆ, ಜಾಲತಾಣವೂ ಸರಾಗವಾಗಿ ನಡೆಯುತ್ತಿರುತ್ತದೆ. ರಾತ್ರಿ ಹೊತ್ತು ಓಡುವ ಹಿನ್ನೆಲೆ ಪ್ರೊಗ್ರಾಂ ಮಾತ್ರ ಮುರಿದು ಬಿದ್ದಿರುತ್ತದೆ. ಆಗ ಬಹಳ ಜನ ಕ್ಲಾಸ್‌ಗಳ ಕೋಡನ್ನೇ ಮತ್ತೆ ಮತ್ತೆ ಓದುತ್ತ ಕೂರುತ್ತಾರೆ. ಉತ್ತರ ಅಲ್ಲಿರುವುದಿಲ್ಲ.

ಇಂದು ನಾನು ಹೇಳಬೇಕೆಂದಿರುವುದೆಲ್ಲ ಒಂದು ಪ್ರಶ್ನೆಯ ಸುತ್ತ ಇದೆ. ಡೇಟಾಬೇಸಿನಿಂದ ಬಂದ ಒಂದು ಸಾಲು ಯಾವ ಕ್ಲಾಸಿನ ಆಬ್ಜೆಕ್ಟ್ ಆಗಬೇಕು ಎಂದು ತೀರ್ಮಾನಿಸುವವರು ಯಾರು? ಈ ತೀರ್ಮಾನದಲ್ಲಿ ಮೂವರ ಪಾಲಿದೆ: ಟೇಬಲ್‌ಗಳಲ್ಲಿ ನಿಜವಾಗಿ ಇರುವ ದತ್ತಾಂಶ, ಓಡುತ್ತಿರುವ ಪ್ರೊಗ್ರಾಂಗೆ ಆ ಕ್ಷಣದಲ್ಲಿ ಗೊತ್ತಿರುವ ಕ್ಲಾಸ್‌ಗಳ ಪಟ್ಟಿ, ಮತ್ತು ಸೆಷನ್‌ನ (ಡೇಟಾಬೇಸಿನೊಂದಿಗಿನ ಒಂದು ಸುತ್ತಿನ ಕೆಲಸ ನಿಭಾಯಿಸುವ ಒಆರ್‌ಎಂನ ಭಾಗ) ನೆನಪಿನಲ್ಲಿ ಅದಾಗಲೇ ಇರುವ ಆಬ್ಜೆಕ್ಟ್‌ಗಳು. ಈ ಮೂವರಲ್ಲಿ ಇಬ್ಬರ ಮಾತು ಒಂದಕ್ಕೊಂದು ಹೊಂದದೆ ಹೋದಾಗಲೇ ಇನ್‌ಹೆರಿಟೆನ್ಸ್‌ನ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಯಾವ ಇಬ್ಬರು ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇನ್‌ಹೆರಿಟೆನ್ಸ್ ಬಂದದ್ದು ನಾರ್ವೆಯ ಓಲೆ ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆಯಿಂದ. ಟೇಬಲ್‌ಗಳ ರಿಲೇಷನಲ್ ಮಾದರಿಯನ್ನು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟರು. ಒಂದರ ವಿನ್ಯಾಸದಲ್ಲಿ ಇನ್ನೊಂದರ ಯೋಚನೆಯೇ ಇರಲಿಲ್ಲ. ಟೇಬಲ್‌ಗೆ ಉಪಟೇಬಲ್ ಎಂಬುದಿಲ್ಲ. ಹೀಗಾಗಿ ಒಆರ್‌ಎಂಗಳು ಮೂರು ದಾರಿ ಹಿಡಿದವು: ಇಡೀ ಕ್ಲಾಸ್ ಕುಟುಂಬಕ್ಕೆ ಒಂದೇ ಟೇಬಲ್, ಮೂಲ ಕ್ಲಾಸಿಗೊಂದು ಟೇಬಲ್ ಮತ್ತು ಪ್ರತಿ ಉಪಕ್ಲಾಸಿಗೆ ಅದಕ್ಕೆ ಜೋಡಿಸಿದ ಇನ್ನೊಂದು, ಅಥವಾ ಪ್ರತಿ ಕ್ಲಾಸಿಗೂ ತನ್ನದೇ ಪೂರ್ಣ ಟೇಬಲ್. ಇವುಗಳನ್ನು ಏಕ ಟೇಬಲ್, ಜೋಡಿ ಟೇಬಲ್, ಪ್ರತ್ಯೇಕ ಟೇಬಲ್ ಎಂದು ಕರೆಯೋಣ.

ಉದಾಹರಣೆಗೆ ಒಂದು ಗ್ರಂಥಾಲಯ ತೆಗೆದುಕೊಳ್ಳೋಣ. ಮೂಲ ಕ್ಲಾಸ್ 'ಕೃತಿ'. ಅದರಡಿ 'ಪುಸ್ತಕ', 'ಪತ್ರಿಕೆ', 'ಧ್ವನಿಮುದ್ರಿಕೆ'. ಕೃತಿ ಟೇಬಲ್‌ನಲ್ಲಿ 'ಬಗೆ' ಎಂಬ ಕಾಲಂ ಇದೆ. ಇದೇ ಸಾಲಿನ ಗುರುತು ಹೇಳುವ ಡಿಸ್ಕ್ರಿಮಿನೇಟರ್. ಜೋಡಿ ಟೇಬಲ್ ವಿಧಾನ ಅನುಸರಿಸಿದ್ದೇವೆ ಎಂದುಕೊಳ್ಳಿ. ಅಂದರೆ ಪುಸ್ತಕದ ಶೀರ್ಷಿಕೆ ಕೃತಿ ಟೇಬಲ್‌ನಲ್ಲಿ, ಪುಟಸಂಖ್ಯೆ ಪುಸ್ತಕ ಟೇಬಲ್‌ನಲ್ಲಿ, ಎರಡರ ಪ್ರೈಮರಿ ಕೀ, ಅಂದರೆ ಸಾಲನ್ನು ಗುರುತಿಸುವ ಐಡಿ, ಒಂದೇ.

ಈಗ ಮೊದಲಿನ ದೋಷಕ್ಕೆ ಬರೋಣ. ಪೈಥಾನ್‌ನಲ್ಲಿ ಒಂದು ಕ್ಲಾಸ್ ಅಸ್ತಿತ್ವಕ್ಕೆ ಬರುವುದು ಅದಿರುವ ಮಾಡ್ಯೂಲ್ ಇಂಪೋರ್ಟ್ ಆದಾಗ. ಕಡತದಲ್ಲಿ ಬರೆದಿದ್ದರೆ ಸಾಲದು. ಧ್ವನಿಮುದ್ರಿಕೆ ಬೇರೆ ಮಾಡ್ಯೂಲ್‌ನಲ್ಲಿದ್ದು ಹಿನ್ನೆಲೆ ಪ್ರೊಗ್ರಾಂ ಅದನ್ನು ಎಲ್ಲೂ ಇಂಪೋರ್ಟ್ ಮಾಡದಿದ್ದರೆ, ಆ ಪ್ರೊಗ್ರಾಂನ ಮಟ್ಟಿಗೆ ಧ್ವನಿಮುದ್ರಿಕೆ ಎಂಬ ಕ್ಲಾಸ್ ಹುಟ್ಟೇ ಇಲ್ಲ. ದತ್ತಾಂಶ 'ಧ್ವನಿ' ಎನ್ನುತ್ತದೆ, ಕ್ಲಾಸ್ ಪಟ್ಟಿಯಲ್ಲಿ ಆ ಹೆಸರಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ಸುಲಭ ಉಪಾಯವಿದೆ. ಕೃತಿ ಕ್ಲಾಸಿನ ಮ್ಯಾಪರ್‌ನಲ್ಲಿ (ಕ್ಲಾಸನ್ನು ಟೇಬಲ್‌ಗೆ ಜೋಡಿಸುವ ಭಾಗ) 'ಪಾಲಿಮಾರ್ಫಿಕ್ ಮ್ಯಾಪ್' ಎಂಬ ಗುಣವಿದೆ. ಯಾವ ಐಡೆಂಟಿಟಿಗೆ ಯಾವ ಕ್ಲಾಸ್ ಎಂಬ ಪೂರ್ತಿ ಪಟ್ಟಿ ಅದರಲ್ಲಿ ಸಿಗುತ್ತದೆ. ಮುರಿದುಬಿದ್ದ ಪ್ರೊಗ್ರಾಂನ ಒಳಗೇ ಅದನ್ನು ಮುದ್ರಿಸಿ ನೋಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮುದ್ರಿಸಿದರೆ ಉಪಯೋಗವಿಲ್ಲ, ಏಕೆಂದರೆ ಅಲ್ಲಿ ಎಲ್ಲ ಮಾಡ್ಯೂಲ್‌ಗಳೂ ಬಂದಿರುತ್ತವೆ.

ಇದು ಗದ್ದಲ ಮಾಡುವ ದೋಷ, ಆದ್ದರಿಂದ ನಾನು ಇದನ್ನು ಒಳ್ಳೆಯ ದೋಷ ಎನ್ನುತ್ತೇನೆ. ಇದೇ ಕಾರಣದಿಂದ ಹುಟ್ಟುವ, ಸದ್ದೇ ಮಾಡದ ಇನ್ನೊಂದಿದೆ. ಅದರ ಬಗ್ಗೆ ನನಗೆ ನಿಜವಾದ ಭಯವಿದೆ. ಏಕ ಟೇಬಲ್ ವಿಧಾನದಲ್ಲಿ ಉಪಕ್ಲಾಸನ್ನು ಕೇಳಿದರೆ ಒಆರ್‌ಎಂ 'ಬಗೆ' ಕಾಲಂ ಮೇಲೆ ಒಂದು ಷರತ್ತು ಸೇರಿಸುತ್ತದೆ: ಬಗೆ ಇವುಗಳಲ್ಲಿ ಒಂದಾಗಿರಬೇಕು ಎಂದು. ಆ ಷರತ್ತಿನ ಪಟ್ಟಿಯೊಳಗೆ ಬರುವುದು ಆ ಹೊತ್ತಿಗೆ ಗೊತ್ತಿರುವ ಉಪಕ್ಲಾಸ್‌ಗಳು ಮಾತ್ರ. ಧ್ವನಿಮುದ್ರಿಕೆಯ ಅಡಿಯಲ್ಲಿ 'ಧ್ವನಿಪುಸ್ತಕ' ಎಂಬ ಮೊಮ್ಮಗಳು ಕ್ಲಾಸ್ ಇದ್ದು, ಅದರ ಮಾಡ್ಯೂಲ್ ಇಂಪೋರ್ಟ್ ಆಗದಿದ್ದರೆ, ಧ್ವನಿಮುದ್ರಿಕೆಗಳನ್ನೆಲ್ಲ ಕೊಡು ಎಂದಾಗ ಧ್ವನಿಪುಸ್ತಕಗಳು ಫಲಿತಾಂಶದಲ್ಲಿ ಬರುವುದೇ ಇಲ್ಲ. ದೋಷವಿಲ್ಲ, ಎಚ್ಚರಿಕೆಯಿಲ್ಲ. ವರದಿಯಲ್ಲಿ ಸಂಖ್ಯೆ ಕಡಿಮೆಯಾಗಿರುತ್ತದೆ ಅಷ್ಟೇ. ರೂಬಿ ಭಾಷೆಯ ಚೌಕಟ್ಟಾದ ರೂಬಿ ಆನ್ ರೈಲ್ಸ್‌ನಲ್ಲೂ ಇದೇ ಕಾಟವಿದೆ. ಅಲ್ಲಿ ಅಭಿವೃದ್ಧಿಯ ಹಂತದಲ್ಲಿ ಕ್ಲಾಸ್‌ಗಳು ಬೇಕಾದಾಗ ಮಾತ್ರ ಲೋಡ್ ಆಗುವುದರಿಂದ, ಇನ್ನೂ ಲೋಡ್ ಆಗದ ಮೊಮ್ಮಕ್ಕಳು ಕ್ವೆರಿಯಿಂದ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಹೊರಗುಳಿಯುತ್ತಾರೆ. ಪರಿಹಾರ ಎರಡೂ ಕಡೆ ಒಂದೇ: ಕುಟುಂಬದ ಎಲ್ಲ ಕ್ಲಾಸ್‌ಗಳನ್ನು ಒಂದೇ ಕಡೆಯಿಂದ, ಪ್ರೊಗ್ರಾಂ ಶುರುವಾಗುವಾಗಲೇ ಲೋಡ್ ಮಾಡಿ.

ಕ್ಲಾಸ್ ಲೋಡ್ ಆಗಿದೆ, ಆದರೂ ಐಡೆಂಟಿಟಿ ಸಿಗುತ್ತಿಲ್ಲ ಎನ್ನುವಿರಾದರೆ ಮೌಲ್ಯವನ್ನೇ ಅಕ್ಷರ ಅಕ್ಷರವಾಗಿ ನೋಡಬೇಕು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ 'ಬಗೆ' ಕಾಲಂ ಅನ್ನು ಹತ್ತು ಅಕ್ಷರಗಳ ಸ್ಥಿರ ಉದ್ದದ ಕ್ಯಾರೆಕ್ಟರ್ ಎಂದು ಘೋಷಿಸಿದ್ದರೆ, ನಾಲ್ಕು ಅಕ್ಷರದ ಮೌಲ್ಯ ಆರು ಖಾಲಿ ಜಾಗಗಳ ಬಾಲ ಹಿಡಿದುಕೊಂಡು ವಾಪಸಾಗುತ್ತದೆ. ಡೇಟಾಬೇಸ್ ಹೋಲಿಸುವಾಗ ಆ ಬಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಐಡೆಂಟಿಟಿಗಳ ಪಟ್ಟಿ ಇಟ್ಟಿರುವ ಪೈಥಾನ್‌ನ ಡಿಕ್ಷನರಿ ಹಿಡಿಯುತ್ತದೆ. ಮೈಎಸ್‌ಕ್ಯೂಎಲ್ 8ರ ಸಹಜ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ ನಿಯಮ) ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಒಂದೇ ಎಂದು ಕಾಣುತ್ತದೆ. ಪೈಥಾನ್‌ಗೆ ಅವು ಬೇರೆ ಬೇರೆ. ಹೀಗಾಗಿ ನೀವು ಡೇಟಾಬೇಸಿನ ಕಿಟಕಿಯಲ್ಲಿ ಕೈಯಾರೆ ಕ್ವೆರಿ ಬರೆದು ನೋಡಿದಾಗ ಸಾಲು ಸಿಗುತ್ತದೆ, ಒಆರ್‌ಎಂ ಮೂಲಕ ಹೋದಾಗ ದೋಷ ಬರುತ್ತದೆ. ಈ ವ್ಯತ್ಯಾಸ ಕಂಡ ಕೂಡಲೇ ಮೌಲ್ಯದ ಉದ್ದವನ್ನು ಅಳೆಯಿರಿ. ಕಾಲಂ ಖಾಲಿ ಬಿಟ್ಟಿದ್ದರೆ, ಅಂದರೆ ನಲ್ ಇದ್ದರೆ, ಎಸ್‌ಕ್ಯೂಎಲ್‌ಆಲ್ಕೆಮಿ ಆ ಸಾಲನ್ನು ಆಬ್ಜೆಕ್ಟ್ ಆಗಿಸಲು ನಿರಾಕರಿಸುತ್ತದೆ. 'ಬಗೆ' ಕಾಲಂಗೆ ನಾಟ್ ನಲ್ (ಖಾಲಿ ಬಿಡುವಂತಿಲ್ಲ) ನಿಯಮ ಹಾಕದಿರಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಈಗ ಸ್ವಲ್ಪ ನಿಧಾನವಾಗಿ ನೋಡಬೇಕಾದ ಪ್ರಕರಣ. ಜೋಡಿ ಟೇಬಲ್ ವಿಧಾನದಲ್ಲಿ ಯಾರೋ ಹಳೆಯ ಪುಸ್ತಕಗಳನ್ನು ಒಟ್ಟಾಗಿ ಅಳಿಸಲು ಪುಸ್ತಕ ಕ್ಲಾಸಿನ ಮೇಲೆ ಸಾಮೂಹಿಕ ಡಿಲೀಟ್ ಓಡಿಸುತ್ತಾರೆ. ಒಂದೊಂದೇ ಆಬ್ಜೆಕ್ಟನ್ನು ಸೆಷನ್ ಮೂಲಕ ಅಳಿಸಿದ್ದರೆ ಒಆರ್‌ಎಂ ಮೊದಲು ಪುಸ್ತಕ ಟೇಬಲ್‌ನ ಸಾಲನ್ನೂ ಆಮೇಲೆ ಕೃತಿ ಟೇಬಲ್‌ನ ಸಾಲನ್ನೂ ತೆಗೆಯುತ್ತಿತ್ತು. ಸಾಮೂಹಿಕ ಡಿಲೀಟ್ ಹಾಗಲ್ಲ. ಅದು ಆ ಕ್ಲಾಸಿನ ಸ್ವಂತ ಟೇಬಲ್ ಒಂದನ್ನೇ ಮುಟ್ಟುತ್ತದೆ. ಪುಸ್ತಕ ಟೇಬಲ್‌ನ ಸಾಲುಗಳು ಹೋದವು, ಕೃತಿ ಟೇಬಲ್‌ನಲ್ಲಿ 'ಬಗೆ: ಪುಸ್ತಕ' ಎಂದು ಹೇಳುವ ಸಾಲುಗಳು ಹಾಗೇ ಉಳಿದವು. ಫಾರಿನ್ ಕೀಯಲ್ಲಿ (ಇನ್ನೊಂದು ಟೇಬಲ್‌ನ ಸಾಲನ್ನು ತೋರಿಸುವ ಕಾಲಂ) ಕ್ಯಾಸ್ಕೇಡ್, ಅಂದರೆ ಒಂದು ಅಳಿದರೆ ಇನ್ನೊಂದೂ ಅಳಿಯುವ ನಿಯಮ, ಇದೆಯಲ್ಲ ಎನ್ನಬೇಡಿ. ಕ್ಯಾಸ್ಕೇಡ್ ಹರಿಯುವುದು ತಾಯಿಯಿಂದ (ಇಲ್ಲಿ ಕೃತಿ ಟೇಬಲ್) ಮಗುವಿನ (ಪುಸ್ತಕ ಟೇಬಲ್) ಕಡೆಗೆ, ಮಗುವಿನಿಂದ ತಾಯಿಯ ಕಡೆಗಲ್ಲ.

ಇದರ ಪರಿಣಾಮ ಆ ದಿನ ಕಾಣುವುದಿಲ್ಲ. ಪುಸ್ತಕಗಳ ಪಟ್ಟಿ ಸರಿಯಾಗಿಯೇ ಬರುತ್ತದೆ, ಏಕೆಂದರೆ ಅಲ್ಲಿ ಎರಡು ಟೇಬಲ್‌ಗಳ ಜಾಯಿನ್ (ಐಡಿ ಹೊಂದುವ ಸಾಲುಗಳ ಜೋಡಣೆ) ಇದೆ, ಅನಾಥ ಸಾಲುಗಳು ಅದರಲ್ಲಿ ಸೇರುವುದಿಲ್ಲ. ಆದರೆ ಕೃತಿಗಳ ಒಟ್ಟು ಪಟ್ಟಿಯಲ್ಲಿ ಅವು ಬರುತ್ತವೆ. ಅದೂ ಪುಸ್ತಕ ಕ್ಲಾಸಿನ ಆಬ್ಜೆಕ್ಟ್‌ಗಳಾಗಿಯೇ ಬರುತ್ತವೆ. ಶೀರ್ಷಿಕೆ ಕೇಳಿದರೆ ಸಿಗುತ್ತದೆ. ಪುಟಸಂಖ್ಯೆ ಕೇಳಿದಾಗ ಒಆರ್‌ಎಂ ಪುಸ್ತಕ ಟೇಬಲ್‌ಗೆ ಹೋಗಿ ಬರಿಗೈಯಲ್ಲಿ ಮರಳುತ್ತದೆ ಮತ್ತು ಈ ಆಬ್ಜೆಕ್ಟ್ ಅಳಿಸಿಹೋಗಿದೆ ಎಂಬ ದೋಷ ಎಸೆಯುತ್ತದೆ. ಅದನ್ನು ಓದಿದವರು ಬೇರೊಂದು ಪ್ರಕ್ರಿಯೆ ಈಗಷ್ಟೇ ಸಾಲನ್ನು ಅಳಿಸಿರಬೇಕು ಎಂದುಕೊಂಡು ಲಾಕ್‌ಗಳ ಹಿಂದೆ ಬೀಳುತ್ತಾರೆ. ನಿಜ ಸಂಗತಿ ತಿಂಗಳುಗಳ ಹಿಂದೆ ನಡೆದಿರುತ್ತದೆ. ಈ ದೋಷ ಉಪಕ್ಲಾಸಿನ ಕಾಲಂ ಮುಟ್ಟಿದಾಗ ಮಾತ್ರ ಬರುತ್ತಿದ್ದರೆ, ಕೃತಿ ಟೇಬಲನ್ನು ಪುಸ್ತಕ ಟೇಬಲ್ ಜೊತೆ ಲೆಫ್ಟ್ ಜಾಯಿನ್ (ಜೋಡಿ ಸಿಗದ ಕೃತಿ ಸಾಲುಗಳನ್ನೂ ಉಳಿಸುವ ಜಾಯಿನ್) ಮಾಡಿ, ಬಗೆ ಪುಸ್ತಕವಾಗಿದ್ದೂ ಪುಸ್ತಕದ ಐಡಿ ನಲ್ ಆಗಿರುವ ಸಾಲುಗಳನ್ನು ಹುಡುಕಿ. ಇಂಥ ಟೇಬಲ್‌ಗಳಿರುವ ಪ್ರತಿ ಯೋಜನೆಯಲ್ಲೂ ಈ ಒಂದು ಕ್ವೆರಿ ನಿಗದಿತವಾಗಿ ಓಡುತ್ತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದರ ತಿರುವುಮುರುವು ಕೂಡ ಇದೆ. ಯಾರೋ ನೇರ ಎಸ್‌ಕ್ಯೂಎಲ್‌ನಿಂದ 'ಬಗೆ' ಕಾಲಂ ಅನ್ನು ಪುಸ್ತಕದಿಂದ ಪತ್ರಿಕೆಗೆ ತಿದ್ದುತ್ತಾರೆ, ಪುಸ್ತಕ ಟೇಬಲ್‌ನ ಸಾಲು ಹಾಗೇ ಇರುತ್ತದೆ. ಜೋಡಿ ಟೇಬಲ್‌ನಲ್ಲಿ ಪುಸ್ತಕಗಳನ್ನು ಕೇಳಿದಾಗ ಬಗೆಯ ಮೇಲೆ ಷರತ್ತು ಇರುವುದಿಲ್ಲ, ಜಾಯಿನ್ ಮಾತ್ರ ಇರುತ್ತದೆ. ಆದ್ದರಿಂದ ಆ ಸಾಲು ಬರುತ್ತದೆ. ಬಂದ ಮೇಲೆ ಅದರ ಬಗೆ ಪತ್ರಿಕೆ ಎನ್ನುತ್ತದೆ. ಪತ್ರಿಕೆಯು ಪುಸ್ತಕದ ಉಪಕ್ಲಾಸ್ ಅಲ್ಲ ಎಂದು ಎಸ್‌ಕ್ಯೂಎಲ್‌ಆಲ್ಕೆಮಿ ತಕರಾರು ಎತ್ತುತ್ತದೆ. ಜಾವಾದ ಒಆರ್‌ಎಂ ಆದ ಹೈಬರ್ನೇಟ್ ಬಳಸುವವರಿಗೆ ಇದರ ಹತ್ತಿರದ ನೆಂಟ ರಾಂಗ್‌ಕ್ಲಾಸ್ ಎಕ್ಸೆಪ್ಷನ್ ಎಂಬ ಹೆಸರಿನಲ್ಲಿ ಸಿಗುತ್ತದೆ.

ಇನ್ನು ಎರಡು ಫಾರಿನ್ ಕೀಗಳ ಗೊಂದಲ. ಧ್ವನಿಮುದ್ರಿಕೆ ಯಾವ ಕೃತಿಯನ್ನು ಆಧರಿಸಿದೆ ಎಂದು ದಾಖಲಿಸಲು ಅದರ ಟೇಬಲ್‌ಗೆ 'ಆಧಾರಕೃತಿ' ಎಂಬ ಫಾರಿನ್ ಕೀ ಸೇರಿಸಿದಿರಿ. ಈಗ ಧ್ವನಿಮುದ್ರಿಕೆಯಿಂದ ಕೃತಿಗೆ ಎರಡು ದಾರಿ. ಇನ್‌ಹೆರಿಟೆನ್ಸ್‌ಗೆ ಯಾವುದನ್ನು ಹಿಡಿಯಲಿ ಎಂದು ಎಸ್‌ಕ್ಯೂಎಲ್‌ಆಲ್ಕೆಮಿ ಕೇಳುತ್ತದೆ. ಮ್ಯಾಪರ್‌ಗೆ 'ಇನ್‌ಹೆರಿಟ್ ಕಂಡಿಷನ್' ಕೊಟ್ಟು ಎರಡೂ ಐಡಿಗಳು ಸಮ ಎಂದು ಬರೆದರೆ ಮುಗಿಯಿತು. ರಿಲೇಷನ್‌ಶಿಪ್‌ಗೂ ಯಾವ ಫಾರಿನ್ ಕೀ ಎಂದು ಹೇಳಬೇಕಾಗುತ್ತದೆ. ಇದು ಸುಲಭ, ಏಕೆಂದರೆ ಸಂದೇಶವೇ ದಾರಿ ತೋರಿಸುತ್ತದೆ. ಅಪಾಯ ಇರುವುದು ಇನ್ನೊಂದು ಸಂದರ್ಭದಲ್ಲಿ. ಧ್ವನಿಮುದ್ರಿಕೆಯ ಐಡಿಗೆ ಫಾರಿನ್ ಕೀ ಹಾಕುವುದು ಮರೆತುಹೋಗಿ, ಆಧಾರಕೃತಿಗೆ ಮಾತ್ರ ಹಾಕಿದ್ದರೆ ದಾರಿ ಒಂದೇ ಆಯಿತು. ಒಆರ್‌ಎಂ ಅದನ್ನೇ ಇನ್‌ಹೆರಿಟೆನ್ಸ್‌ನ ಕೊಂಡಿ ಎಂದು ಹಿಡಿಯುತ್ತದೆ. ಪ್ರತಿ ಧ್ವನಿಮುದ್ರಿಕೆಯೂ ತನ್ನ ಆಧಾರಕೃತಿಯ ಶೀರ್ಷಿಕೆ ಹೊತ್ತು ಬರುತ್ತದೆ. ಆಗ ಸಿಗುವುದು ದೋಷವಲ್ಲ, ಒಂದೇ ಹೆಸರಿನ ಎರಡು ಐಡಿ ಕಾಲಂಗಳನ್ನು ತಾನಾಗಿ ಒಗ್ಗೂಡಿಸುತ್ತಿದ್ದೇನೆ ಎಂಬ ಎಚ್ಚರಿಕೆ. ಪರೀಕ್ಷೆ ಓಡಿಸುವಾಗ ಎಸ್‌ಕ್ಯೂಎಲ್‌ಆಲ್ಕೆಮಿಯ ಎಚ್ಚರಿಕೆಗಳನ್ನೆಲ್ಲ ದೋಷಗಳನ್ನಾಗಿ ಬದಲಿಸಿಕೊಳ್ಳಿ. ಪೈಥಾನ್‌ನ ವಾರ್ನಿಂಗ್ಸ್ ಮಾಡ್ಯೂಲ್‌ನಲ್ಲಿ ಒಂದೇ ಸಾಲಿನ ಕೆಲಸ ಅದು.

ವೇಗದ ದೂರುಗಳ ಮೂಲವೂ ಇದೇ ಪ್ರಶ್ನೆಯಲ್ಲಿದೆ. ಜೋಡಿ ಟೇಬಲ್‌ನಲ್ಲಿ ಮೂಲ ಕ್ಲಾಸನ್ನು ಕೇಳಿದರೆ ಎಸ್‌ಕ್ಯೂಎಲ್‌ಆಲ್ಕೆಮಿ ಓದುವುದು ಕೃತಿ ಟೇಬಲ್ ಒಂದನ್ನೇ. ಬಗೆ ನೋಡಿ ಸರಿಯಾದ ಕ್ಲಾಸಿನ ಆಬ್ಜೆಕ್ಟ್ ಕಟ್ಟುತ್ತದೆ, ಉಪಕ್ಲಾಸಿನ ಕಾಲಂಗಳನ್ನು ಕೇಳುವವರೆಗೆ ತರುವುದಿಲ್ಲ. ನೂರು ಕೃತಿಗಳ ಮೇಲೆ ಲೂಪ್ ಓಡಿಸಿ ಪುಟಸಂಖ್ಯೆ ಕೇಳಿದರೆ ನೂರಒಂದು ಕ್ವೆರಿ. ಅಷ್ಟರಲ್ಲಿ ಸೆಷನ್ ಮುಚ್ಚಿದ್ದರೆ, ಆಬ್ಜೆಕ್ಟ್ ಯಾವ ಸೆಷನ್‌ಗೂ ಸೇರಿಲ್ಲ ಎಂಬ ದೋಷ. ಅಸಿಂಕ್ (ಉತ್ತರಕ್ಕೆ ಕಾಯುವಾಗ ಬೇರೆ ಕೆಲಸ ನಡೆಸುವ ವಿಧಾನ) ಬಳಸುತ್ತಿದ್ದರೆ ಮಿಸ್ಸಿಂಗ್ ಗ್ರೀನ್‌ಲೆಟ್ ಎಂಬ, ಇನ್‌ಹೆರಿಟೆನ್ಸ್‌ಗೆ ಸಂಬಂಧವೇ ಇಲ್ಲವೆನಿಸುವ ದೋಷ. ಡೇಟಾಬೇಸಿನ ಸಂಪರ್ಕ ನೋಡಿಕೊಳ್ಳುವ ಎಂಜಿನ್ ಕಟ್ಟುವಾಗ, ಕ್ವೆರಿಗಳನ್ನು ಮುದ್ರಿಸುವ 'ಎಕೋ' ಆನ್ ಮಾಡಿದರೆ ಈ ಕ್ವೆರಿಗಳ ಸಾಲು ಕಣ್ಣಿಗೆ ಬೀಳುತ್ತದೆ. ನನ್ನನ್ನು ಕೇಳಿದರೆ ಯಾವುದೇ ತನಿಖೆಯ ಮೊದಲ ಹೆಜ್ಜೆ ಇದೇ ಆಗಬೇಕು. ಪರಿಹಾರಗಳು ಎರಡು. 'ವಿತ್ ಪಾಲಿಮಾರ್ಫಿಕ್' ಎಲ್ಲ ಉಪಟೇಬಲ್‌ಗಳನ್ನೂ ಲೆಫ್ಟ್ ಔಟರ್ ಜಾಯಿನ್‌ನಿಂದ ಒಮ್ಮೆಗೇ ತರುತ್ತದೆ. 1.2 ಆವೃತ್ತಿಯಿಂದ ಬಂದಿರುವ 'ಸೆಲೆಕ್ಟ್‌ಇನ್ ಪಾಲಿಮಾರ್ಫಿಕ್' ಪ್ರತಿ ಉಪಕ್ಲಾಸಿಗೂ ಪ್ರತ್ಯೇಕ ಕ್ವೆರಿ ಕಳುಹಿಸಿ ಆ ಸಾಲುಗಳನ್ನು ಒಟ್ಟಿಗೆ ತರುತ್ತದೆ. ಉಪಕ್ಲಾಸ್‌ಗಳು ಹೆಚ್ಚಿದ್ದಾಗ ನಾನು ಎರಡನೆಯದನ್ನೇ ಆರಿಸುತ್ತೇನೆ, ಹತ್ತು ಟೇಬಲ್‌ಗಳ ಔಟರ್ ಜಾಯಿನ್ ಯಾವ ಡೇಟಾಬೇಸಿಗೂ ಹಿತವಲ್ಲ. ಹೈಬರ್ನೇಟ್‌ನ ಜೋಡಿ ಟೇಬಲ್ ಸಹಜವಾಗಿಯೇ ಎಲ್ಲವನ್ನೂ ಔಟರ್ ಜಾಯಿನ್ ಮಾಡುತ್ತದೆ. ಹಾಗಾಗಿ ಅಲ್ಲಿ ದೂರು ಕ್ವೆರಿಗಳ ಸಂಖ್ಯೆಯದಲ್ಲ, ಒಂದೇ ಕ್ವೆರಿಯ ಗಾತ್ರದ್ದು.

ಏಕ ಟೇಬಲ್ ವಿಧಾನದ ಬಗ್ಗೆ ಎರಡು ಮಾತು. ಉಪಕ್ಲಾಸ್‌ಗಳ ನಡುವೆ ನಾಲ್ಕಾರು ಕಾಲಂಗಳ ವ್ಯತ್ಯಾಸವಷ್ಟೇ ಇದ್ದರೆ ಇದೇ ಒಳ್ಳೆಯದು. ಆದರೆ ಪತ್ರಿಕೆಗೆ ಪುಟಸಂಖ್ಯೆ ಇಲ್ಲದ್ದರಿಂದ ಆ ಕಾಲಂ ನಲ್ ಒಪ್ಪಲೇಬೇಕು. ಆಗ ಪುಸ್ತಕಕ್ಕೂ ಪುಟಸಂಖ್ಯೆಯ ಕಡ್ಡಾಯ ತಪ್ಪಿಹೋಗುತ್ತದೆ. ಬಗೆ ಪುಸ್ತಕವಲ್ಲ, ಅಥವಾ ಪುಟಸಂಖ್ಯೆ ನಲ್ ಅಲ್ಲ ಎಂಬ ಚೆಕ್ ಕನ್‌ಸ್ಟ್ರೇಂಟ್ ಬರೆದು ಆ ಕಡ್ಡಾಯವನ್ನು ಮರಳಿ ತನ್ನಿ. ಎರಡು ಉಪಕ್ಲಾಸ್‌ಗಳು ಒಂದೇ ಹೆಸರಿನ ಕಾಲಂ ಘೋಷಿಸಿದರೆ ಬರುವ ಘರ್ಷಣೆಗೆ 2.0 ಆವೃತ್ತಿಯಲ್ಲಿ, ಇರುವ ಕಾಲಂ ಅನ್ನೇ ಬಳಸು ಎಂದು ಸೂಚಿಸುವ ಆಯ್ಕೆ ಇದೆ. ಹಾಗೆಯೇ ಬಗೆಯ ಮೌಲ್ಯವಾಗಿ ಕ್ಲಾಸಿನ ಹೆಸರನ್ನು ಬಳಸಬೇಡಿ. ಹೈಬರ್ನೇಟ್ ಸಹಜವಾಗಿ ಎಂಟಿಟಿಯ (ಟೇಬಲ್‌ಗೆ ಜೋಡಿಸಿದ ಕ್ಲಾಸ್) ಹೆಸರನ್ನೂ, ರೈಲ್ಸ್ ಕ್ಲಾಸಿನ ಹೆಸರನ್ನೂ ಕಾಲಂನಲ್ಲಿ ಬರೆಯುತ್ತವೆ. ಮುಂದೊಂದು ದಿನ ಕ್ಲಾಸಿನ ಹೆಸರು ಬದಲಿಸಿದರೆ ಹಳೆಯ ಸಾಲುಗಳೆಲ್ಲ ಅಪರಿಚಿತವಾಗುತ್ತವೆ. ಹೆಸರು ಬದಲಾದರೂ ಬದಲಾಗದ ಚಿಕ್ಕ ಸಂಕೇತವನ್ನು ನೀವೇ ಕೊಡಿ.

ಪ್ರತ್ಯೇಕ ಟೇಬಲ್ ವಿಧಾನವನ್ನು ನಾನು ಶಿಫಾರಸು ಮಾಡುವುದಿಲ್ಲ. ಐದನೇ ನಂಬರಿನ ಪುಸ್ತಕವೂ ಐದನೇ ನಂಬರಿನ ಪತ್ರಿಕೆಯೂ ಇರಬಹುದಾದ ಕಡೆ 'ಐದನೇ ಕೃತಿ' ಎಂಬ ಮಾತಿಗೆ ಅರ್ಥವಿಲ್ಲ. ಸಾಲ ನೀಡಿಕೆಯ ಟೇಬಲ್‌ನಿಂದ ಕೃತಿಗೆ ಫಾರಿನ್ ಕೀ ಹಾಕಲು ಜಾಗವೇ ಇಲ್ಲ. ಹೈಬರ್ನೇಟ್ ಈ ವಿಧಾನದಲ್ಲಿ ಐಡೆಂಟಿಟಿ ಕಾಲಂ (ಪ್ರತಿ ಟೇಬಲ್ ತಾನೇ ಐಡಿ ಸಂಖ್ಯೆ ಕೊಡುವ ಕಾಲಂ) ಬಳಸಲು ಬಿಡದಿರುವುದು ಇದೇ ಕಾರಣಕ್ಕೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಇನ್‌ಹೆರಿಟೆನ್ಸ್ ಎಂಬ ಸೌಲಭ್ಯವೇ ಇದೆಯಲ್ಲ ಎಂದು ಆಸೆಪಡಬೇಡಿ. ತಾಯಿ ಟೇಬಲ್‌ನ ಯೂನಿಕ್ ನಿಯಮ ಮಗು ಟೇಬಲ್‌ಗೆ ಅನ್ವಯಿಸುವುದಿಲ್ಲ, ತಾಯಿಯನ್ನು ತೋರಿಸುವ ಫಾರಿನ್ ಕೀಗೆ ಮಗುವಿನ ಸಾಲುಗಳು ಕಾಣುವುದಿಲ್ಲ.

ಜಾವಾ ಬಳಗಕ್ಕೆ ಒಂದು ಮಾತು ಸೇರಿಸುತ್ತೇನೆ. ಸಾಲ ನೀಡಿಕೆಯ ಆಬ್ಜೆಕ್ಟ್‌ನಿಂದ ಕೃತಿಗೆ ಲೇಜಿ (ಬೇಕಾದಾಗಷ್ಟೇ ಓದುವ) ಸಂಬಂಧ ಇದ್ದರೆ ಹೈಬರ್ನೇಟ್ ಕೈಗೆ ಕೊಡುವುದು ಕೃತಿಯ ಪ್ರಾಕ್ಸಿಯನ್ನು, ಅಂದರೆ ಅದರ ಜಾಗದಲ್ಲಿ ನಿಲ್ಲುವ ಬದಲಿ ಆಬ್ಜೆಕ್ಟನ್ನು. ಆ ಹೊತ್ತಿಗೆ ಸಾಲನ್ನೇ ಓದಿರುವುದಿಲ್ಲ, ಅದು ಪುಸ್ತಕವೋ ಪತ್ರಿಕೆಯೋ ಗೊತ್ತಿರುವುದಿಲ್ಲ. ಇದು ಪುಸ್ತಕವೇ ಎಂದು ಇನ್‌ಸ್ಟನ್ಸ್‌ಆಫ್‌ನಿಂದ ಕೇಳಿದರೆ ಅಲ್ಲ ಎನ್ನುತ್ತದೆ. ಸಾಲು ಓದಿದ ಮೇಲೂ ಪ್ರಾಕ್ಸಿಯ ಕ್ಲಾಸ್ ಬದಲಾಗುವುದಿಲ್ಲ. 5.2.10 ಆವೃತ್ತಿಯಿಂದ ಇರುವ 'ಅನ್‌ಪ್ರಾಕ್ಸಿ' ವಿಧಾನದಿಂದ ಒಳಗಿನ ನಿಜವಾದ ಆಬ್ಜೆಕ್ಟನ್ನು ತೆಗೆದು ಕೇಳಬೇಕು.

ಸಭಿಕರ ಪ್ರಶ್ನೆಗಳು

ಪ್ರಶ್ನೆ: ಜ್ಯಾಂಗೋದಲ್ಲಿ (ತನ್ನದೇ ಒಆರ್‌ಎಂ ಇರುವ ಪೈಥಾನ್‌ನ ಜಾಲತಾಣ ಚೌಕಟ್ಟು) ಕೃತಿಗಳನ್ನು ಕೇಳಿದರೆ ಎಲ್ಲವೂ ಬರೀ ಕೃತಿಗಳಾಗಿಯೇ ಬರುತ್ತವೆ. ನಮ್ಮ ಮ್ಯಾಪಿಂಗ್ ತಪ್ಪಾಗಿದೆಯೇ?

ಇಲ್ಲ, ಜ್ಯಾಂಗೋ ಇರುವುದೇ ಹಾಗೆ. ಅದರ ಬಹು ಟೇಬಲ್ ಇನ್‌ಹೆರಿಟೆನ್ಸ್‌ನಲ್ಲಿ ಡಿಸ್ಕ್ರಿಮಿನೇಟರ್ ಕಾಲಂ ಇಲ್ಲ, ಮಗುವಿನಿಂದ ತಾಯಿಗೆ ಒನ್‌ಟುಒನ್ ಕೊಂಡಿ ಮಾತ್ರ ಇದೆ. ಸಾಲಿನ ಕ್ಲಾಸ್ ಹೇಳುವವರೇ ಇಲ್ಲದ ಕಾರಣ ಅದು ನೀವು ಕೇಳಿದ ಕ್ಲಾಸನ್ನೇ ಕೊಡುತ್ತದೆ. ಕೃತಿಯಿಂದ ಪುಸ್ತಕ ಎಂಬ ಗುಣದ ಮೂಲಕ ಕೆಳಗಿಳಿಯಬಹುದು, ಅದು ಪುಸ್ತಕವಲ್ಲದಿದ್ದರೆ ದೋಷ ಬರುತ್ತದೆ. ಜ್ಯಾಂಗೋ ಪಾಲಿಮಾರ್ಫಿಕ್ ಎಂಬ ಹೊರಗಿನ ಪ್ಯಾಕೇಜ್ ಮಾಡುವುದು ಇಷ್ಟೇ: ತಾಯಿ ಟೇಬಲ್‌ಗೆ ಕಂಟೆಂಟ್ ಟೈಪ್ (ಸಾಲು ಯಾವ ಕ್ಲಾಸಿನದೆಂಬ ದಾಖಲೆ) ತೋರಿಸುವ ಕಾಲಂ ಸೇರಿಸಿ ಆ ಕೊರತೆ ತುಂಬುತ್ತದೆ. ನಿಮಗೆ ಬೇಕಿರುವುದು ಕಾಲಂಗಳ ಮರುಬಳಕೆ ಮಾತ್ರವಾದರೆ ಅಮೂರ್ತ ಮಾದರಿ ಸಾಕು. ಅದರಲ್ಲಿ ತಾಯಿಗೆ ಟೇಬಲ್ಲೇ ಇರುವುದಿಲ್ಲ. ಬಹು ಟೇಬಲ್ ಮಾದರಿಯ ಮಗು ಕ್ಲಾಸಿನ ಮೇಲೆ ಬಲ್ಕ್ ಕ್ರಿಯೇಟ್ (ಹಲವು ಸಾಲುಗಳನ್ನು ಒಟ್ಟಿಗೆ ಸೇರಿಸುವುದು) ನಡೆಯುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಪತ್ರಿಕೆ ಎಂದು ತಪ್ಪಾಗಿ ದಾಖಲಾದದ್ದನ್ನು ಪುಸ್ತಕವಾಗಿ ಬದಲಿಸಬೇಕು. ಐಡಿ ಬದಲಾಗಬಾರದು, ಅದರ ಮೇಲೆ ಸಾಲದ ದಾಖಲೆಗಳಿವೆ. ಹೇಗೆ?

ಆಬ್ಜೆಕ್ಟ್‌ನ ಬಗೆ ಗುಣವನ್ನು ತಿದ್ದಿ ಉಳಿಸಲು ಹೋಗಬೇಡಿ. ಹೊಂದದ ಐಡೆಂಟಿಟಿಯನ್ನು ಬರೆಯುತ್ತಿದ್ದೀರಿ ಎಂದು ಎಸ್‌ಕ್ಯೂಎಲ್‌ಆಲ್ಕೆಮಿ ಎಚ್ಚರಿಸುತ್ತದೆ, ಆ ಎಚ್ಚರಿಕೆ ಸರಿಯಾದದ್ದೇ. ಇದನ್ನು ಟೇಬಲ್ ಮಟ್ಟದಲ್ಲಿ, ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಿ. ಅದೇ ಐಡಿಯಿಂದ ಪುಸ್ತಕ ಟೇಬಲ್‌ಗೆ ಸಾಲು ಸೇರಿಸಿ, ಪತ್ರಿಕೆ ಟೇಬಲ್‌ನ ಸಾಲು ತೆಗೆಯಿರಿ, ಕೃತಿ ಟೇಬಲ್‌ನಲ್ಲಿ ಬಗೆ ತಿದ್ದಿ. ಕೃತಿಯ ಸಾಲು ಕದಲದ್ದರಿಂದ ಸಾಲದ ದಾಖಲೆಗಳಿಗೆ ಏನೂ ಆಗುವುದಿಲ್ಲ. ಆಮೇಲೂ ಅದೇ ಸೆಷನ್‌ನಲ್ಲಿ ಕೇಳಿದರೆ ಹಳೆಯ ಪತ್ರಿಕೆ ಆಬ್ಜೆಕ್ಟೇ ಸಿಗಬಹುದು, ಏಕೆಂದರೆ ಸೆಷನ್ ಆಬ್ಜೆಕ್ಟನ್ನು ನೆನಪಿಡುವುದು ಮೂಲ ಕ್ಲಾಸ್ ಮತ್ತು ಪ್ರೈಮರಿ ಕೀಯ ಜೋಡಿಯಿಂದ, ಆ ಜೋಡಿ ಬದಲಾಗಿಲ್ಲ. ಹಳೆಯ ಆಬ್ಜೆಕ್ಟನ್ನು ಸೆಷನ್‌ನಿಂದ ಎಕ್ಸ್‌ಪಂಜ್ ಮಾಡಿ (ಹೊರಹಾಕಿ) ಅಥವಾ ಹೊಸ ಸೆಷನ್ ತೆರೆದು ಮತ್ತೆ ಓದಿ, ಪುಸ್ತಕವಾಗಿ ಬರುತ್ತದೆ.